ಸವಾಲಿಗೆ ವಾಪಸು ಬಾರದ ಕುಂಬಳಕಾಯಿ

ಮೈಕು ಕೈಗೆ ಸಿಕ್ಕರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ನನ್ನ ಹೆಂಡತಿ ಇದನ್ನು ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ನಾನು ಒಪ್ಪಿಕೊಂಡದ್ದು ಹೋದ ವರ್ಷ.

ಕೊಪ್ಪದಲ್ಲಿ ನಮ್ಮದೊಂದು ಸಣ್ಣ ಸಂಘವಿದೆ. ಹಾಸಿಗೆ ಹಿಡಿದವರ ಮನೆಗೆ ಮಂಚ, ಗಾಲಿಕುರ್ಚಿ, ವಾಕರ್ ಒಯ್ದು ಕೊಡುವುದು, ಆಮೇಲೆ ವಾಪಸು ತರುವುದು, ಇಷ್ಟೇ ಅದರ ಕಾರುಬಾರು. ಬಾಡಿಗೆ ಇಲ್ಲ. ಶುರುವಾದದ್ದು ಒಂದೇ ಒಂದು ಕಬ್ಬಿಣದ ಮಂಚದಿಂದ. ಯಾರೋ ತಂದೆಗೆಂದು ತರಿಸಿದ್ದರು. ತಂದೆ ಹೋದ ಮೇಲೆ ಅದನ್ನು ಮನೆಯಲ್ಲಿ ನೋಡಲಾರದೆ ನಮಗೆ ಕೊಟ್ಟರು. ತಲೆಯ ಕಡೆ ಎತ್ತರಿಸಲು ಹಿಡಿಕೆ ತಿರುಗಿಸಬೇಕು. ಶೃಂಗೇರಿ, ನರಸಿಂಹರಾಜಪುರದ ಮನೆಗಳನ್ನು ಆ ಮಂಚ ನನಗಿಂತ ಹೆಚ್ಚು ನೋಡಿದೆ. ಅದು ವಾಪಸು ಬಂದರೆ ಏನಾಯಿತೆಂದು ನಾವು ಕೇಳುವುದಿಲ್ಲ. ಎದ್ದು ಓಡಾಡಿದವರು ಕಡಿಮೆ.

ಮೊದಲು ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತಿದ್ದೆವು. ಎಲ್ಲ ಕಡೆ ಕಾಫಿ ಸಿಕ್ಕಿತು, ಕೆಲವು ಕಡೆ ಊಟವೂ ಆಯಿತು. ದುಡ್ಡು ಮಾತ್ರ ಮುಂದಿನ ವಾರ. ಆಮೇಲೆ ಹೊಳೆದದ್ದು ಸವಾಲು. ಮನೆಯಲ್ಲಿ ಬೆಳೆದ ಹಲಸೋ ಬಾಳೆಗೊನೆಯೋ ತಂದು ಹರಾಜು ಕೂಗುವುದು ನಮ್ಮ ಕಡೆಯ ಪದ್ಧತಿ. ಚಂದಾ ಎಂದರೆ ಮುಖ ತಿರುಗಿಸುವ ಮನುಷ್ಯ, ಪಕ್ಕದ ಮನೆಯವರು ಒಂದು ಕೂಗು ಕೂಗಿದರೆ ತಾನೂ ಮೇಲೆ ಕೂಗದೆ ಬಿಡುವುದಿಲ್ಲ. ಗೆದ್ದವರು ದುಡ್ಡು ಕೊಟ್ಟರೂ ಕಾಯಿಯನ್ನು ಮನೆಗೆ ಒಯ್ಯುವಂತಿಲ್ಲ. ಸಂಘಕ್ಕೇ ವಾಪಸು ಕೊಡಬೇಕು, ಮೈಕು ಹಿಡಿದು ಕೂಗಿಸುವ ನಾನು ಅದನ್ನು ಮತ್ತೆ ಸವಾಲಿಗೆ ಹಾಕಬೇಕು. ಹೋಮದಲ್ಲಿ ಆಹುತಿ ಹಾಕುವಾಗ ‘ಇದಂ ನ ಮಮ’, ಇದು ನನ್ನದಲ್ಲ, ಎನ್ನುತ್ತಾರೆ. ಅದನ್ನೇ ನಾವು ಒಂದು ಹಲಸಿನಕಾಯಿ ಇಟ್ಟುಕೊಂಡು, ನಗಿಸುತ್ತ, ಏಳೆಂಟು ಜನರಿಂದ ಹೇಳಿಸುತ್ತೇವೆ. ಬರೆದಿಟ್ಟ ನಿಯಮವಲ್ಲ. ಆದರೆ ಮೀರಿದವರಿರಲಿಲ್ಲ.

ಹೋದ ವರ್ಷ ಬಾಳಗಡಿಯಲ್ಲಿ ಸವಾಲು. ನನ್ನ ಹಳೆಯ ಸ್ನೇಹಿತರು, ನೆಮ್ಮಾರಿನ ಸುಬ್ರಾಯರು, ದೊಡ್ಡದೊಂದು ಸಿಹಿಗುಂಬಳಕಾಯಿ ತಂದಿದ್ದರು. ಅವರ ಹೆಂಡತಿ ಗಿರಿಜಕ್ಕ ನಮ್ಮ ಮಂಚದ ಮೇಲೆ ಎರಡು ವರ್ಷ ಇದ್ದು ತೀರಿಕೊಂಡು ತಿಂಗಳಾಗಿತ್ತಷ್ಟೆ. ಮಂಚವನ್ನು ಕಿಟಕಿಗೆ ತಾಗಿಸಿ ಹಾಕಿಸಿಕೊಂಡು, ಬೀಜ ಎಲ್ಲಿ ಊರಬೇಕು, ಬಳ್ಳಿ ಎತ್ತ ಹಬ್ಬಿಸಬೇಕು ಎಂದು ಮಲಗಿದಲ್ಲಿಂದಲೇ ಗಂಡನಿಗೆ ಹೇಳಿ ಬೆಳೆಸಿದ ಕಾಯಿ ಅದು. ಮೊದಲನೆಯದು ಸಂಘಕ್ಕೆ ಎಂದಿದ್ದರಂತೆ. ಇಷ್ಟೂ ನನಗೆ ಗೊತ್ತಿತ್ತು.

ಸವಾಲು ಏರಿತು. ಸುಮ್ಮನೆ ಕೂತಿದ್ದ ಸುಬ್ರಾಯರು ಇದ್ದಕ್ಕಿದ್ದಂತೆ ಎದ್ದು, ಯಾರೂ ಮುಟ್ಟಲಾರದಷ್ಟು ಕೂಗಿದರು. ಮೂರನೇ ಸಲ ಎಂದು ಮುಗಿಸಿದೆ. ಅವರು ದುಡ್ಡು ಕೊಟ್ಟು, ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲ ಕಡೆಗೇ ನಡೆದರು.

“ನೋಡಿ ಮಾರಾಯ್ರೆ, ತಾವೇ ಕೊಟ್ಟದ್ದನ್ನ ತಾವೇ ಹೊತ್ಕೊಂಡು ಹೊರಟ್ರು. ದಾನ ಅಂದ್ರೆ ಹೀಗಿರ್ಬೇಕು,” ಎಂದೆ ಮೈಕಿನಲ್ಲಿ. ಸಭೆಯೆಲ್ಲ ನಕ್ಕಿತು. ಅವರು ತಿರುಗಿ ನೋಡಲಿಲ್ಲ. ನನಗೆ ನಾಚಿಕೆಯಾದದ್ದು ಆಮೇಲೆ.

ಅಂದಿನಿಂದ ಅವರು ಸಂಘದ ಕಡೆ ಸುಳಿಯಲಿಲ್ಲ. ಪದ್ಧತಿ ಮುರಿದರೆಂದು ಕಮಿಟಿಯಲ್ಲಿ ಮಾತು ಬಂತು. ತಿಳಿಹೇಳಿ ಬರಲು ನನ್ನನ್ನೇ ಕಳಿಸಿದರು. ನಾನು ಹೋದದ್ದು ಕ್ಷಮೆ ಕೇಳಲು. ಇಷ್ಟು ವರ್ಷದ ಸ್ನೇಹವನ್ನು ಒಂದು ನಗೆಮಾತಿಗೆ ಕಳೆದುಕೊಂಡೆನೇನೋ ಎಂದು ಹೆದರಿಕೆಯಾಗಿತ್ತು.

“ನಾನು ಹಾಗೆ ಹೇಳ್ಬಾರ್ದಿತ್ತು ಸುಬ್ರಾಯ್ರೆ,” ಎಂದೆ.

“ನೀವು ಎಂತ ಹೇಳಿದ್ರಿ? ನಂಗೆ ಕೇಳ್ಲೇ ಇಲ್ಲ ಮಾರಾಯ್ರೆ,” ಎಂದರು. ಆಮೇಲೆ ಅವರೇ ಹೇಳಿದರು: “ಅವಳ ಕಾಯಿಗೆ ಅಷ್ಟು ಜನ ಮೇಲೆ ಮೇಲೆ ಕೂಗ್ತಿದ್ರಲ್ಲ. ಒಂದು ಸಲ ಮನೆಗೆ ತಗೊಂಡು ಹೋಗಿ, ಅವಳಿಗೆ ತೋರ್ಸಿ, ಹೀಗೀಗಾಯ್ತು ಅಂತ ಹೇಳಿ, ವಾಪಸ್ ತಂದು ಕೊಡುವ ಅಂತ ಹೊರಟೆ. ಅಂಗಳಕ್ಕೆ ಬಂದ ಮೇಲೆ ನೆನಪಾಯ್ತು.”

ಕಾಯಿ ಮಂಚವಿದ್ದ ಜಾಗದಲ್ಲಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅವರು ಕಾಫಿ ಮಾಡಿ ತಂದರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ನಾನು ಹೇಳದೆ ಕುಡಿದೆ.

ಮುಂದಿನ ಕಮಿಟಿಯಲ್ಲಿ ಅಧ್ಯಕ್ಷರು ಕೇಳಿದರು, “ಎಂತ ಅಂದ್ರು? ಕಾಯಿ ವಾಪಸ್ ಕೊಡ್ತಾರಂತಾ?”

“ಎಲ್ಲಿಂದ ಕೊಡೋದು? ಹುಳಿ ಮಾಡಿ ಉಂಡು ಆಯ್ತಂತೆ,” ಎಂದೆ.

“ಹಾಗಾದ್ರೆ ಸರಿ ಬಿಡಿ,” ಎಂದರು. ಎಲ್ಲರಿಗೂ ಸಮಾಧಾನವಾಯಿತು. ತಿಂದದ್ದಕ್ಕೆ ಊರಿನಲ್ಲಿ ಕ್ಷಮೆ ಬೇಗ ಸಿಗುತ್ತದೆ. ಹೇಳಲು ಸುದ್ದಿಯಿತ್ತು, ಕೇಳಲು ಗಿರಿಜಕ್ಕ ಇರಲಿಲ್ಲ ಎಂದು ಕಮಿಟಿಗೆ ವರದಿ ಕೊಡುವುದು ಹೇಗೆ?