ಅಜ್ಜಿಮನೆಯ ಬದಲು ಯಹೂದಿ ಶಿಬಿರ

"ಕ್ಷಮಿಸಿ, ಆ ಡಬ್ಬಿ ಒಳಗೆ ಬರುವ ಹಾಗಿಲ್ಲ."

ಮಗಳ ಬೇಸಿಗೆ ಶಿಬಿರದ ಮೊದಲ ಬೆಳಿಗ್ಗೆ, ಶಿಬಿರ ನಡೆಸುವ ರೂತ್ ಬಾಗಿಲಲ್ಲೇ ಹೇಳಿದ ಮಾತು ಇದು. ಡಬ್ಬಿಯಲ್ಲಿದ್ದದ್ದು ಮೊಸರನ್ನ ಮತ್ತು ನಾಲ್ಕು ಹೋಳು ಮಾವಿನಹಣ್ಣು. ಕುಂದಾಪುರ ಕಡೆಯ ಮಡಿವಂತರ ಮನೆಯಲ್ಲಿ ಹುಟ್ಟಿದವಳು ನಾನು. ನಮ್ಮ ಅಡುಗೆಮನೆಗೆ ಯಾರ್ಯಾರ ಪಾತ್ರೆ ಬರುವಂತಿಲ್ಲ ಎಂಬುದು ಚಿಕ್ಕಂದಿನಿಂದಲೇ ಗೊತ್ತಿತ್ತು. ನನ್ನ ಪಾತ್ರೆ ಹೋಗಬಾರದ ಅಡುಗೆಮನೆಯೂ ಭೂಮಿಯ ಮೇಲೆ ಇದೆ ಎಂಬುದು ದುಬೈಗೆ ಬಂದಮೇಲೆ ಗೊತ್ತಾಯಿತು. ಮುಖ ಸಣ್ಣದು ಮಾಡಿಕೊಂಡು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ.

ಊರಿನಲ್ಲಿರುವ ನಿಮಗೆ ಇದು ವಿಚಿತ್ರ ಅನ್ನಿಸಬಹುದು. ಬೇಸಿಗೆ ರಜೆ ಅಂದರೆ ಅಜ್ಜಿಮನೆ, ಅದಕ್ಕೊಂದು ಶಿಬಿರ ಯಾಕೆ? ಇಲ್ಲಿ ಶಾಲೆಗೆ ರಜೆ ಬರುವುದು ಜುಲೈ, ಆಗಸ್ಟ್ ತಿಂಗಳಲ್ಲಿ, ಮನೆಯ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರು ಬರುವ ಕಾಲದಲ್ಲಿ. ಆಗ ಬರ್ ದುಬೈಯ ನಮ್ಮ ಕಟ್ಟಡದಲ್ಲಿ ಲಿಫ್ಟಿಗೆ ಕಾಯಬೇಕಾಗಿಲ್ಲ, ಎಲ್ಲರೂ ಊರಿಗೆ ಹೋಗಿರುತ್ತಾರೆ. ಆ ವರ್ಷ ನಾವು ಹೋಗಲಾಗಲಿಲ್ಲ. ನನ್ನ ಗಂಡ ಕೆಲಸ ಬದಲಾಯಿಸಿದ್ದರು, ಹೊಸ ವೀಸಾ ಆಗುವವರೆಗೆ ಪಾಸ್‌ಪೋರ್ಟ್ ಕೈಗೆ ಸಿಗುವುದಿಲ್ಲ. ನನಗೂ ಆಫೀಸು. ಎಂಟು ವರ್ಷದ ಅನಘಾಳನ್ನು ಎಲ್ಲಿ ಬಿಡುವುದು? ಅವಳ ಗೆಳತಿ ಲೇಯಾಳ ತಾಯಿಯೇ ಈ ರೂತ್. ದಕ್ಷಿಣ ಆಫ್ರಿಕಾದಿಂದ ಬಂದ ಯಹೂದಿ ಹೆಂಗಸು. ತಮ್ಮವರ ಮಕ್ಕಳಿಗೆಂದು ಮನೆಯಲ್ಲೇ ಹಗಲು ಶಿಬಿರ ನಡೆಸುತ್ತಿದ್ದರು. "ಅನಘಾಳನ್ನೂ ಕಳಿಸಿ" ಅಂದರು.

ನನ್ನ ನಿಜವಾದ ಚಿಂತೆ ಬೇರೆಯೇ ಇತ್ತು. ಇಲ್ಲೇ ಹುಟ್ಟಿದ ಅನಘಾ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವಳ ಬಾಯಲ್ಲಿ ನಮ್ಮ ಕುಂದಾಪ್ರ ಕನ್ನಡ ಹೊರಡುತ್ತಿದ್ದದ್ದು ವರ್ಷಕ್ಕೊಮ್ಮೆ, ಅಜ್ಜಿಯ ಜೊತೆ ಎರಡು ತಿಂಗಳು ಇದ್ದಾಗ ಮಾತ್ರ. ಊರಿನಿಂದ ತುಂಬಿಸಿಕೊಂಡು ಬಂದದ್ದು ದೀಪಾವಳಿಯ ಹೊತ್ತಿಗೆ ಖಾಲಿ. ಈ ವರ್ಷ ಅದೂ ಇಲ್ಲವಾದರೆ ಅಜ್ಜಿಗೂ ಮೊಮ್ಮಗಳಿಗೂ ನಡುವೆ ಮಾತೇ ನಿಂತುಹೋದೀತು ಎಂದು ನನಗೆ ಭಯವಾಗಿತ್ತು.

ಇಂಥ ಶಿಬಿರಕ್ಕೆ ಮಕ್ಕಳನ್ನು ಕಳಿಸುವವರು ತಿಳಿದಿರಬೇಕಾದದ್ದನ್ನು ನಾನು ಒಂದೊಂದೇ ತಪ್ಪು ಮಾಡಿ ಕಲಿತೆ. ಹುಡುಕಿಕೊಂಡು ಹೋದರೆ ಬೋರ್ಡು ಇರುವುದಿಲ್ಲ. ಈ ಅರಬ್ ಊರಿನಲ್ಲಿ ಆಗ ಅವರು ಸದ್ದಿಲ್ಲದೆ ಬದುಕುತ್ತಿದ್ದರು. ಟೋಪಿ, ನೀರಿನ ಬಾಟಲಿ, ಈಜುಡುಗೆ ಕಳಿಸಬೇಕು. ಊಟ ಮಾತ್ರ ಕಳಿಸಬಾರದು. ಅವರದು ಕೋಶರ್ ಅಡುಗೆ, ಅಂದರೆ ಅವರ ಧರ್ಮದ ಕಟ್ಟಳೆಯ ಅಡುಗೆ: ಮಾಂಸಕ್ಕೂ ಹಾಲು-ಮೊಸರಿಗೂ ಬೇರೆ ಪಾತ್ರೆ, ಬೇರೆ ಸಿಂಕು. ರೂತ್ ಇದನ್ನು ನನಗೆ ಬಹಳ ಸಂಕೋಚದಿಂದ ವಿವರಿಸುತ್ತಿದ್ದರು. ಅನ್ನದ ಕೈಯಲ್ಲಿ ತುಪ್ಪದ ಗಿಂಡಿ ಮುಟ್ಟಿದೆನೆಂದು ಅಮ್ಮನ ಹತ್ತಿರ ಬೈಸಿಕೊಂಡವಳು ನಾನು. "ಅಯ್ಯೋ, ನಮ್ಮಲ್ಲಿ ಇದಕ್ಕೆ ಮುಸುರೆ ಅಂತಾರೆ!" ಅಂದೆ. "ಮು-ಸು-ರೆ" ಎಂದು ಅವರು ಬಾಯಲ್ಲಿ ಹೊರಳಿಸಿ ನೋಡಿದರು. ಅವತ್ತಿನಿಂದ ನಾವು ಸ್ನೇಹಿತೆಯರಾದೆವು.

ಅಮ್ಮ ಕುಂದಾಪುರದಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಾರೆ. ಆಗೆಲ್ಲ ಇಲ್ಲಿ ಶುಕ್ರವಾರ, ಶನಿವಾರ ವಾರದ ರಜೆ, ಶುಕ್ರವಾರ ನಮ್ಮ ಫೋನು. ಸುದ್ದಿ ಕೇಳಿ ಅವರಿಗೆ ಗಾಬರಿ. "ಹೆಣ್ಣೆ, ಅವ್ರ್ ಮಗೂನ್ ಅವ್ರ್ ಜಾತಿಗ್ ಸೇರ್ಸ್ಕಂತ್ರಾ?"

ನಾನು ನಾಚಿಕೆ ಬಿಟ್ಟು ಅದನ್ನು ರೂತ್ ಹತ್ತಿರ ಕೇಳಿಯೇಬಿಟ್ಟೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಾವಾಗಿ ಬಂದು ಸೇರಿಸಿಕೊಳ್ಳಿ ಅಂದವರನ್ನೂ ಮೂರು ಸಲ ಬೇಡ ಅಂತ ವಾಪಸ್ ಕಳಿಸಬೇಕು ಅನ್ನೋದು ನಮ್ಮ ಸಂಪ್ರದಾಯ ಅಂತ ನಿಮ್ಮ ತಾಯಿಗೆ ಹೇಳಿ."

ಹೇಳಿದೆ. ಅಮ್ಮ "ಹಂಗಾರೆ ನಮ್ಮಂಗೇ ಅಂದಾಯ್ತ್" ಅಂದರು. ಅಲ್ಲಿಗೆ ಆ ಚಿಂತೆ ಖಲಾಸ್.

ಎರಡನೆಯ ವಾರ ಅನಘಾ ಮನೆಗೆ ಬಂದವಳೇ, "ಅಮ್ಮಾ, ಸವ್ತಾ ಮೀನ್ಸ್ ಅಜ್ಜಿ!" ಅಂದಳು. ಹೀಬ್ರೂ ಭಾಷೆಯಲ್ಲಿ ಅಜ್ಜಿಗೆ ಸವ್ತಾ. ಹಾಡು ಬಂತು, ಎಣಿಕೆ ಬಂತು. ಅದೇ ಶುಕ್ರವಾರ ಅಜ್ಜಿ ಫೋನಿನಲ್ಲಿ "ಉಂಡ್ಯಾ ಮಗಾ?" ಎಂದು ಕೇಳಿದರೆ ಈ ಹುಡುಗಿ ನನ್ನ ಮುಖ ನೋಡಿ "ವಾಟ್?" ಅಂದಳು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಅಳು ಬಂತು.

ಭಾನುವಾರ ಶಿಬಿರಕ್ಕೆ ಬಿಡಲು ಹೋದಾಗ ರೂತ್ ಹತ್ತಿರ ಹೇಳಿಕೊಂಡೆ. ಅವರು ನಗಲಿಲ್ಲ. "ನನ್ನ ಅಜ್ಜಿಯ ಮನೆಮಾತು ಯಿಡ್ಡಿಷ್, ಯುರೋಪಿನ ಯಹೂದಿಗಳ ಆಡುಮಾತು. ನನಗೆ ಬರುವುದಿಲ್ಲ. ಅವಳು ನನಗೆ ಬೈಯುತ್ತಿದ್ದ ನಾಲ್ಕು ಮಾತು ಮಾತ್ರ ನೆನಪಿದೆ. ಒಬ್ಬಳೇ ಇದ್ದಾಗ ಅದನ್ನೇ ಹೇಳಿಕೊಳ್ಳುತ್ತೇನೆ" ಅಂದರು. ನನ್ನ ಮಗಳಿಗೆ ಅಷ್ಟಾದರೂ ಉಳಿಯುತ್ತದೆಯೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಅವರ ವಾರದ ಹಬ್ಬ ಶಬ್ಬಾತ್ ಶುರುವಾಗುವುದು ಶುಕ್ರವಾರ ಸಂಜೆ. ಶುಕ್ರವಾರ ಶಿಬಿರ ಇಲ್ಲದ್ದರಿಂದ ಗುರುವಾರವೇ ಮಕ್ಕಳಿಗೆ ಅದರ ತಾಲೀಮು. ಕೊನೆಯ ಗುರುವಾರ ಅಪ್ಪ-ಅಮ್ಮಂದಿರನ್ನೂ ಕರೆದಿದ್ದರು. ಹೆಣೆದ ಜಡೆಯಂಥ ಬ್ರೆಡ್ಡು, ದ್ರಾಕ್ಷಿರಸ. ಆಮೇಲೆ ರೂತ್ ಲೇಯಾಳ ತಲೆಯ ಮೇಲೆ ಎರಡೂ ಕೈಯಿಟ್ಟು ಹೀಬ್ರೂವಿನಲ್ಲಿ ಆಶೀರ್ವಾದ ಹೇಳಿದರು. ನಮ್ಮಲ್ಲಿ ಮಕ್ಕಳು ಬಗ್ಗಿ ಕಾಲು ಮುಟ್ಟಿದರೆ ಆಶೀರ್ವಾದ. ಇವರಲ್ಲಿ ಸುಮ್ಮನೆ ನಿಂತಿದ್ದರೂ ಸಿಗುತ್ತದೆ. "ನೀವು ನಿಮ್ಮ ಭಾಷೆಯಲ್ಲಿ ಹೇಳಿ" ಎಂದು ರೂತ್ ನನಗೆ ಸನ್ನೆ ಮಾಡಿದರು.

ಅನಘಾಳ ತಲೆಯ ಮೇಲೆ ಕೈಯಿಟ್ಟೆ. ಸಂಸ್ಕೃತ ನೆನಪಾಗಲಿಲ್ಲ, ಪುಸ್ತಕದ ಕನ್ನಡವೂ ಬರಲಿಲ್ಲ. "ದೇವ್ರ್ ಒಳ್ಳೇದ್ ಮಾಡ್ಲಿ ಮಗಾ, ಹೋದಲ್ಲೆಲ್ಲ ನಿಂಗೆ ನಮ್ಮೋರ್ ಸಿಕ್ಲಿ" ಎಂದು ಬಾಯಿಗೆ ಬಂದದ್ದನ್ನೇ ಹೇಳಿದೆ.

ಅನಘಾ ತಲೆಯೆತ್ತಿ ಪಿಸುಗುಟ್ಟಿದಳು: "ಅಮ್ಮಾ, ಲೇಯಾ ನೋಸ್ ಹರ್ಸ್. ವೈ ಡೋಂಟ್ ಐ ನೋ ಮೈನ್?" ಲೇಯಾಳಿಗೆ ತನ್ನ ಭಾಷೆಯ ಆಶೀರ್ವಾದ ಗೊತ್ತು, ನನ್ನದು ನನಗೇಕೆ ಗೊತ್ತಿಲ್ಲ?

ಅವತ್ತಿನಿಂದ ಮನೆಯಲ್ಲಿ ನಾನು ಕುಂದಾಪ್ರ ಬಿಟ್ಟು ಬೇರೆ ಮಾತಾಡಲಿಲ್ಲ. ಅವಳು ಇಂಗ್ಲಿಷ್ ಬಿಡಲಿಲ್ಲ. ಹಟಕ್ಕೆ ಹಟ.

ಡಿಸೆಂಬರ್ ರಜೆಗೆ ಊರಿಗೆ ಹೋದೆವು. ಅನಘಾ ಅಜ್ಜಿಯ ಮುಂದೆ ನೆಟ್ಟಗೆ ನಿಂತು, ಅವರ ಕೈಯನ್ನು ತಾನೇ ಎಳೆದು ತಲೆಯ ಮೇಲೆ ಇಟ್ಟುಕೊಂಡಳು. ಅಮ್ಮ ಕಕ್ಕಾಬಿಕ್ಕಿ. "ಎಂತಾ ಮಗಾ, ತಲಿನೋವಾ?" ಮನೆಯವರೆಲ್ಲ ನಕ್ಕೆವು. ಆಮೇಲೆ ವಿಷಯ ತಿಳಿದು ಅಮ್ಮ ದಿನವೂ ಅವಳ ತಲೆಯ ಮೇಲೆ ಕೈಯಿಟ್ಟು ಹರಸತೊಡಗಿದರು.

ಹೊರಡುವ ದಿನ ಹತ್ತಿರವಾಗಿತ್ತು. ನಾನು ಯಾವುದೋ ಸಂಕಟದಲ್ಲಿ ಬಟ್ಟೆ ಮಡಿಸುತ್ತ ಕುಳಿತಿದ್ದೆ. ಅಮ್ಮ ಪಕ್ಕದಲ್ಲಿದ್ದರು. ಅನಘಾ ಓಡಿಬಂದು ಬಾಗಿಲಲ್ಲಿ ನಿಂತು, ಒಂದಕ್ಷರವೂ ತಪ್ಪದೆ, ಥೇಟ್ ನಮ್ಮೂರಿನ ರಾಗದಲ್ಲಿ ಕೇಳಿದಳು:

"ಅಮ್ಮಾ, ನಾವ್ ಮನಿಗ್ ಯಾವಾಗ್ ಹ್ವಾಪ್ದ್?"

ಮನೆಗೆ ಯಾವಾಗ ಹೋಗುವುದು ಎಂಬ ಪ್ರಶ್ನೆಯನ್ನು ಮೊಮ್ಮಗಳ ಬಾಯಲ್ಲಿ ತನ್ನ ಭಾಷೆಯಲ್ಲಿ ಕೇಳಿ ಅಮ್ಮನ ಮುಖ ಅರಳಿತು. ಮನೆ ಅಂದದ್ದು ಯಾವ ಮನೆಗೆ ಎಂಬುದು ಅವರಿಗೆ ಹೊಳೆಯುವ ಮೊದಲೇ ನಾನು ಏಳುವ ನೆಪ ಮಾಡಿ ಮುಖ ತಿರುಗಿಸಿಕೊಂಡೆ.