ಬಾಗಿಲ ಬಳಿಯ ಹಲಗೆ

ಕೊಟ್ಟೂರಿನ ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದರು. ಬೀದಿಯಲ್ಲಿ ಯಾರು ಹೋದರೂ ಹೊಸ್ತಿಲಲ್ಲಿ ನಿಂತು ಕೈಬೀಸಿ, “ಒಳಗ ಬರ್ರಿ, ಒಳಗ ಜಾಗ ಐತಿ” ಎಂದು ಕೂಗುವರು. ಪಡಸಾಲೆಗೆ ಮರದಂತೆ ಕಾಣುವ ಲ್ಯಾಮಿನೇಟ್ ನೆಲ ಹಾಕಿಸಿದ ಮೇಲಂತೂ ಯಾರನ್ನೂ ಹಾಗೇ ಹೋಗಲು ಬಿಡುತ್ತಿರಲಿಲ್ಲ. ಕಾಲು ತೊಳೆಯಲು ಕೊಟ್ಟ ತಂಬಿಗೆಯಲ್ಲಿ ಉಳಿದ ನೀರನ್ನು ಹೊಸ್ತಿಲ ಒಳಗೇ, ಆ ಹೊಳೆಯುವ ಹಲಗೆಗಳ ಮೇಲೆ ಸುರಿದು, “ನೋಡ್ರಿ, ಏನೂ ಆಗಂಗಿಲ್ಲ!” ಎನ್ನುವರು. ಹೆಗಲ ಟವೆಲ್‌ನಿಂದ ನಿಧಾನವಾಗಿ ಒರೆಸಿ ನಮ್ಮ ಮುಖ ನೋಡುವರು. ಹೂವಿನಹಡಗಲಿಯಿಂದ ಬಂದ ಬೀಗರಿಗೆ ಎರಡೆರಡು ಸಲ ತೋರಿಸಿದರು.

ದಸರಾ ಹೊತ್ತಿಗೆ ಹೊಸ್ತಿಲ ಬಳಿಯ ಹಲಗೆಗಳ ಅಂಚು ಉಬ್ಬಿ ಸಂದು ಬಿಟ್ಟವು. ಉಳಿದ ನೆಲವೆಲ್ಲ ಹೊಸದರಂತೆಯೇ ಇತ್ತು. ಹಲಗೆ ಮಾರಿದ ಅಂಗಡಿಯವನನ್ನು ಅವರು ಬೈಯಲಿಲ್ಲ. “ಹನಿ ಬಿದ್ದರ ಒರೆಸ್ರಿ ಅಂದಿದ್ದ. ಸುರೀರಿ ಅಂದಿರಲಿಲ್ಲ” ಎಂದರು.

ಆಮೇಲೆ ಆ ಕೂಗು ನಿಂತಿತು. ಕೊನೆಯ ಸಲ ನಾನು ಹೋದಾಗ ಬಾಗಿಲನ್ನು ಅರ್ಧ ಮುಚ್ಚಿಕೊಂಡು, ಬಸ್ಸಿನ ಕಂಬಿ ಹಿಡಿದಂತೆ ಚೌಕಟ್ಟು ಹಿಡಿದು ಮಾತಾಡಿದರು. “ಒಳಗ ಕೂತು ಮಾತಾಡೋಣಲ್ರಿ?” ಎಂದೆ.

“ಇರ್ಲಿ ಬಿಡ್ರಿ, ನನಗ ನಿಂತು ರೂಢಿ ಐತಿ.”

ಅವರ ಬೆನ್ನ ಹಿಂದೆ ಬೇಕಾದಷ್ಟು ಜಾಗವಿತ್ತು.