ಗೋಪೀನಾಥ ಮೇಷ್ಟ್ರ ಮೌನ

ಬಸವೇಶ್ವರನಗರದ ಗೋಪೀನಾಥ ಮೇಷ್ಟ್ರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದರು. ಬೀಳ್ಕೊಡುಗೆಯ ಹಿಂದಿನ ದಿನ ಮನೆಯ ಹಾಲ್‌ನಲ್ಲಿ ನಿಂತು, ಹೆಂಡತಿ ಅಂಬುಜಾ ಮತ್ತು ಬಂದಿದ್ದ ನೆಂಟರೆದುರು ತಮ್ಮ ಭಾಷಣ ಓದಿದರು. ತಾಯಿಯ ವಿಷಯ ಬಂದಾಗ ಗಂಟಲು ಕಟ್ಟಿ ದನಿ ಕೀರಲಾಯಿತು. ಅಂಬುಜಾಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ, ಸಾಕು ನಿಲ್ಸ್ರೀ! ಇಷ್ಟು ವರ್ಷ ಆ ಮಕ್ಕಳು ಹೆಂಗೆ ತಡ್ಕೊಂಡ್ವೋ!"

ಎಲ್ಲರೂ ನಕ್ಕರು. ಮೇಷ್ಟ್ರೂ ಸ್ವಲ್ಪ ನಕ್ಕು ಹಾಳೆ ಮಡಚಿದರು. ಮರುದಿನ ಸಮಾರಂಭದಲ್ಲಿ ಬರೀ ಕೈ ಮುಗಿದು ಕೂತುಬಿಟ್ಟರು. ಆಮೇಲೆ ಮನೆಯಲ್ಲೂ ಮಾತಿಲ್ಲ.

ಎರಡು ದಿನದ ಮುನಿಸು ಎಂದುಕೊಂಡಳು ಅಂಬುಜಾ. ಆದರೆ ಅವರಿಗೆ ಸಿಟ್ಟಿದ್ದಂತೆ ಕಾಣಲಿಲ್ಲ. ಬಡಿಸಿದ್ದು ಉಣ್ಣುತ್ತಿದ್ದರು, ಹಾವನೂರು ಸರ್ಕಲ್ಲಿಗೆ ಹೋಗಿ ತರಕಾರಿ ತರುತ್ತಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಅವರ ಉಳಿದ ಸದ್ದುಗಳೂ ನಿಂತವು. ಲೋಟ ಇಟ್ಟರೆ ಟಣ್ ಎನ್ನುತ್ತಿರಲಿಲ್ಲ. ಚಿಲಕ, ಚಪ್ಪಲಿ, ಕೆಮ್ಮು ಯಾವುದೂ ಕೇಳುತ್ತಿರಲಿಲ್ಲ. ಒಗ್ಗರಣೆ ಹಾಕಿ ತಿರುಗಿದರೆ ಬೆನ್ನ ಹಿಂದೆಯೇ ನಿಂತಿರುತ್ತಿದ್ದರು.

ಒಂದು ಮಧ್ಯಾಹ್ನ ಅವರು ಕಾಣಲಿಲ್ಲ. ಅಂಬುಜಾ ಕೂಗುತ್ತಾ ರೂಮು, ಟೆರೇಸು, ಬಚ್ಚಲು ಎಲ್ಲ ಹುಡುಕಿದಳು. ಹಾಲ್‌ಗೆ ಮೂರು ಸಲ ಬಂದು ಹೋದಳು. ನಾಲ್ಕನೇ ಸಲ ನೋಡಿದರೆ ಕಿಟಕಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದಾರೆ! ಪಕ್ಕದ ಕಾಫಿ ಆರಿ ಕೆನೆಗಟ್ಟಿತ್ತು. ಅಷ್ಟು ಹೊತ್ತೂ ಅಲ್ಲೇ ಇದ್ದರು.

ಅವಳು ಹತ್ತಿರ ಹೋದಳು. "ಅಷ್ಟು ಕರೆದ್ನಲ್ರೀ, ಕೇಳಿಸ್ಲಿಲ್ವಾ?"

ಅವರು ಪೆನ್ನು ತೆಗೆದು ಪೇಪರಿನ ಅಂಚಿನಲ್ಲಿ ಬರೆದರು: 'ಓಗೊಡಲು ಬಾಯಿ ತೆರೆದೆ. ಮಾತಾಡಲು ಹೋದಾಗೆಲ್ಲ ನಿನ್ನ ಆ ನಗು ಕೇಳುತ್ತದೆ. ಅದು ನಿಂತ ಮೇಲೆ ಹೇಳೋಣ ಎಂದು ಕಾಯುತ್ತೇನೆ. ನಿಲ್ಲುವುದಿಲ್ಲ.'

ಆ ನಗು ಅಂಬುಜಾಗೆ ಭಾಷಣ ಕೇಳಿದ ದಿನ ಸಂಜೆಗೇ ಮರೆತುಹೋಗಿತ್ತು.

"ಆ ಭಾಷಣ ಓದಿ ರೀ," ಅಂದಳು. "ನಾನೊಬ್ಳೇ ಇದೀನಿ. ಕೇಳ್ತೀನಿ."

ಮೇಷ್ಟ್ರು ಎದ್ದು ನಿಂತರು. ಹಾಳೆ ಬೇಕಾಗಲಿಲ್ಲ. ತುಟಿ ಅಲುಗಿತು, ಕೈ ಮೇಲೆದ್ದಿತು, ದನಿ ಮಾತ್ರ ಹೊರಡಲಿಲ್ಲ. ಅಂಬುಜಾ ನೆಲದ ಮೇಲೆ ಕೂತು ಆ ತುಟಿಗಳನ್ನೇ ನೋಡಿದಳು. 'ಅಮ್ಮ' ಎಂದದ್ದು ಗೊತ್ತಾಯಿತು. ಅಲ್ಲಿ ಅವರ ಗಂಟಲು ಮತ್ತೆ ಕಟ್ಟಿತು. ಅವಳು ಉಸಿರು ಬಿಗಿಹಿಡಿದಳು.

ಅವರು ಮುಗಿಸಿ ಕೂತು ಎಷ್ಟೋ ಹೊತ್ತಾದ ಮೇಲೆ, "ನಗ್ಲಿಲ್ವಲ್ಲ ನೀನು," ಎಂದು ಯಾರೋ ಅಂದರು. ತೀರಾ ಸಣ್ಣ, ಒಣಗಿದ ದನಿ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದರ ಗುರುತೇ ಸಿಗಲಿಲ್ಲ. ಆದರೂ, "ಇಲ್ಲ ರೀ," ಎಂದು ಅವರ ಕೈ ಹಿಡಿದಳು.

ಅಂದಿನಿಂದ ಮೇಷ್ಟ್ರು ದಿನಕ್ಕೆ ನಾಲ್ಕೈದು ಮಾತಾಡುತ್ತಾರೆ, ಆ ದನಿಯಲ್ಲೇ. ಹಳೆಯ ದನಿ ಮತ್ತೆ ಬರಲಿಲ್ಲ.